ಎರಡು ದೇಶಗಳ ಗಟ್ಟಿಮರದ ಆಮದನ್ನು ಹೋಲಿಸುವುದು ಹೇಗೆ? ಭಾರತ–ವಿಯೆಟ್ನಾಂ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಭಾರತ ಮತ್ತು ವಿಯೆಟ್ನಾಂ, ಇವೆರಡರಲ್ಲಿ ಹೊರದೇಶದ ಗಟ್ಟಿಮರಕ್ಕೆ ಜಾಸ್ತಿ ದುಡ್ಡು ಸುರಿಯುವುದು ಯಾವುದು? ಕೊಯ್ದ ಮರದ ಆಮದು ಅಂತ ಹುಡುಕಿ ಗ್ರಾಫ್ ಹಾಕಿದರೆ ಸಾಮಾನ್ಯವಾಗಿ ವಿಯೆಟ್ನಾಂ ಗೆರೆ ಮೇಲಿರುತ್ತದೆ, ನಮ್ಮದು ಕೆಳಗೆ. ಅಂಕಿಗಳು ಸುಳ್ಳಲ್ಲ. ಆದರೆ ಅಷ್ಟನ್ನೇ ನೋಡಿ "ಭಾರತ ಗಟ್ಟಿಮರ ತರಿಸುವುದೇ ಕಮ್ಮಿ" ಎಂದರೆ ತಪ್ಪಾಗುತ್ತದೆ.

ಯಾಕೆಂದರೆ ಭಾರತ ಬಹಳ ವರ್ಷಗಳಿಂದ ಮರವನ್ನು ದಿಮ್ಮಿಯಾಗಿಯೇ ತರಿಸಿಕೊಳ್ಳುತ್ತಾ ಬಂದಿದೆ. ದಿಮ್ಮಿಯ ಮೇಲಿನ ಆಮದು ಸುಂಕ ಕೊಯ್ದ ಹಲಗೆಯ ಸುಂಕಕ್ಕಿಂತ ಕಡಿಮೆ. ಹಾಗಾಗಿ ಇಲ್ಲಿಗೆ ತಂದು ಕೊಯ್ಯಿಸಿಕೊಳ್ಳುವುದೇ ಲಾಭ. ಗುಜರಾತಿನ ಕಾಂಡ್ಲಾ ಬಂದರಿನ ಪಕ್ಕದ ಗಾಂಧಿಧಾಮದಲ್ಲಿ ಸಾಲುಸಾಲಾಗಿ ಸಾಮಿಲ್‌ಗಳು ಎದ್ದಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಮಂಗಳೂರು ಬಂದರಿಗೂ ಹೊರದೇಶದ ದಿಮ್ಮಿ ಬರುತ್ತದೆ. ವಿಯೆಟ್ನಾಂ ಕೂಡ ದಿಮ್ಮಿ ತರಿಸುತ್ತದೆ, ಆದರೆ ಕೊಯ್ದ ಹಲಗೆಯನ್ನೂ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತದೆ. ಅಲ್ಲಿನ ಪೀಠೋಪಕರಣ ಕಾರ್ಖಾನೆಗಳಿಗೆ ಒಣಗಿಸಿ, ಗ್ರೇಡ್ ಮಾಡಿ ಬಂದ ಹಲಗೆ ಬೇಕು.

ಇಂಥ ಹೋಲಿಕೆಯಲ್ಲಿ ಗ್ರಾಫ್ ಬಿಡಿಸುವುದು ಹತ್ತು ನಿಮಿಷದ ಕೆಲಸ. ಏನನ್ನು ಎಣಿಸಬೇಕು ಎಂದು ಮೊದಲೇ ತೀರ್ಮಾನಿಸುವುದೇ ನಿಜವಾದ ಕೆಲಸ. ಕೆಳಗಿನ ಕ್ರಮ ಯಾವ ಎರಡು ದೇಶಗಳಿಗಾದರೂ ನಡೆಯುತ್ತದೆ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಬಳಸಲು ಬಂದರೆ ಸಾಕು.

1. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

"ಮರದ ಆಮದು ಹೋಲಿಕೆ" ಎಂದು ಬರೆದರೆ ಸಾಲದು. ನಾವಿಲ್ಲಿ ಇಟ್ಟುಕೊಳ್ಳುವ ಪ್ರಶ್ನೆ ಇದು: 2010ರಿಂದ 2023ರವರೆಗೆ ಭಾರತ ಮತ್ತು ವಿಯೆಟ್ನಾಂ ಇಡೀ ಜಗತ್ತಿನಿಂದ ತರಿಸಿದ ಗಟ್ಟಿಮರದ ಮೌಲ್ಯ ಡಾಲರ್ ಲೆಕ್ಕದಲ್ಲಿ ವರ್ಷವರ್ಷ ಹೇಗೆ ಬದಲಾಯಿತು, ದಿಮ್ಮಿ ಎಷ್ಟು, ಕೊಯ್ದದ್ದು ಎಷ್ಟು?

2009ರಿಂದ ಶುರು ಮಾಡಬೇಡಿ. ಅದು ಜಾಗತಿಕ ಹಿಂಜರಿತದ ವರ್ಷ. ತಳದಲ್ಲಿ ನಿಂತು ನೋಡಿದರೆ ಎಲ್ಲವೂ ಏರಿದ ಹಾಗೆಯೇ ಕಾಣುತ್ತದೆ.

2. ಕೋಡ್ ಆರಿಸಿ. ಇಲ್ಲೇ ಅರ್ಧ ಯುದ್ಧ

ಜಗತ್ತಿನ ಕಸ್ಟಮ್ಸ್ ಇಲಾಖೆಗಳು ಪ್ರತಿ ಸರಕಿಗೂ ಎಚ್‌ಎಸ್ ಕೋಡ್ ಎಂಬ ಸಂಖ್ಯೆ ಕೊಡುತ್ತವೆ. ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ. ಆಮೇಲಿನ ಅಂಕಿಗಳು ಆಯಾ ದೇಶದ್ದು. ನಮಗೆ ಬೇಕಾದದ್ದು ಎರಡು ಗುಂಪು: 4403 ಎಂದರೆ ದಿಮ್ಮಿ, 4407 ಎಂದರೆ ಉದ್ದಕ್ಕೆ ಕೊಯ್ದ, 6 ಮಿಲಿಮೀಟರಿಗಿಂತ ದಪ್ಪದ ಮರ. ಅದಕ್ಕಿಂತ ತೆಳುವಾದರೆ 4408, ಅಂದರೆ ವೆನೀರ್. ಪ್ಲೈವುಡ್ 4412. ಈ ಕೊನೆಯ ಎರಡನ್ನು ನಾವು ಮುಟ್ಟುವುದಿಲ್ಲ.

ಈ ಲೆಕ್ಕದಲ್ಲಿ ಅಗಲ ಎಲೆಯ ಮರಗಳೆಲ್ಲ ಗಟ್ಟಿಮರವೇ. ತೇಗ, ಓಕ್, ಬೀಚ್, ಮೇಪಲ್, ಮೆರಾಂಟಿ ಎಲ್ಲ ಇದರೊಳಗೆ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳುವ ಬಾಲ್ಸಾ ಕೂಡ. ಪೈನ್, ಸ್ಪ್ರೂಸ್, ಫರ್ ಇವು ಸೂಚಿಪರ್ಣಿ ಮರಗಳು, ನಮ್ಮ ಲೆಕ್ಕದಿಂದ ಹೊರಗೆ.

ಕೋಡ್‌ಗಳನ್ನು ಐದಾರು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. 2007, 2012, 2017, 2022ರ ಆವೃತ್ತಿಗಳು ನಮಗೆ ಸಂಬಂಧಿಸಿದವು. 2017ಕ್ಕೆ ಮುಂಚೆ ಕೊಯ್ದ ಸೂಚಿಪರ್ಣಿ ಮರವೆಲ್ಲ 440710 ಎಂಬ ಒಂದೇ ಕೋಡಿನಲ್ಲಿತ್ತು. 2017ರಲ್ಲಿ ಅದು ಒಡೆದು 440711, 440712, 440719 ಆಯಿತು. 2022ರಲ್ಲಿ 440713 ಮತ್ತು 440714 ಸೇರಿಕೊಂಡವು. ಗಟ್ಟಿಮರದ ಕಡೆಯೂ ಹೀಗೆಯೇ. 2017ರಲ್ಲಿ ಬರ್ಚ್‌ಗೆ 440796, ಪಾಪ್ಲರ್‌ಗೆ 440797 ಬಂತು. 2022ರಲ್ಲಿ ತೇಗಕ್ಕೆ ಸ್ವಂತ ಕೋಡ್ ಸಿಕ್ಕಿತು: ದಿಮ್ಮಿಗೆ 440342, ಕೊಯ್ದದ್ದಕ್ಕೆ 440723.

ಇದರಿಂದ ಏನಾಗುತ್ತದೆ ನೋಡಿ. ನೀವು "ಇತರೆ ಉಷ್ಣವಲಯದ ಮರ" ಅಂದರೆ 440349 ಅಥವಾ 440729ನ್ನು ಮಾತ್ರ ಹಿಡಿದು ಹೊರಟರೆ, 2022ರಲ್ಲಿ ಭಾರತದ ಗೆರೆ ದಬಕ್ಕನೆ ಕೆಳಗೆ ಬೀಳಬಹುದು. ಮರ ಕಡಿಮೆಯಾಗಿರಬೇಕಿಲ್ಲ. ತೇಗ ಬೇರೆ ಕೋಡಿಗೆ ಹೋಗಿರುತ್ತದೆ ಅಷ್ಟೆ.

ಹಾಗಾಗಿ ಗಟ್ಟಿಮರದ ಕೋಡ್‌ಗಳನ್ನು ಒಂದೊಂದಾಗಿ ಕೂಡಬೇಡಿ. ಕಳೆಯುವ ದಾರಿ ಹಿಡಿಯಿರಿ. ಕೊಯ್ದ ಮರಕ್ಕೆ ಸೂತ್ರ ಹೀಗೆ: 4407ರ ಒಟ್ಟು ಮೊತ್ತದಿಂದ 44071 ಎಂದು ಶುರುವಾಗುವ ಎಲ್ಲವನ್ನೂ ಕಳೆಯಿರಿ. ಉಳಿದದ್ದು ಗಟ್ಟಿಮರ. ಯಾವ ಆವೃತ್ತಿಯಾದರೂ ಈ ಸೂತ್ರ ಕೆಡುವುದಿಲ್ಲ. ಒಂದು ದೇಶ ಹೊಸ ಆವೃತ್ತಿಗೆ ಬೇಗ ಹೋಗಿ, ಇನ್ನೊಂದು ತಡವಾಗಿ ಹೋಗಿದ್ದರೂ ತೊಂದರೆಯಿಲ್ಲ.

ದಿಮ್ಮಿಗೆ ಈ ಸೂತ್ರ ಅಷ್ಟು ಚೊಕ್ಕವಾಗಿ ಹೊಂದುವುದಿಲ್ಲ. ಅಲ್ಲಿ 44034 ಮತ್ತು 44039 ಎಂದು ಶುರುವಾಗುವವನ್ನು ಕೂಡಿ, 2017ರ ಆವೃತ್ತಿಯಿಂದಾಚೆಗೆ 440312ನ್ನೂ ಸೇರಿಸಿ. ಅದು ಬಣ್ಣ, ಎಣ್ಣೆ ಅಥವಾ ಔಷಧ ಹಚ್ಚಿ ಸಂರಕ್ಷಿಸಿದ ಗಟ್ಟಿಮರದ ದಿಮ್ಮಿ. ಹಿಂದೆ ಅಂಥದ್ದೆಲ್ಲ 440310ರಲ್ಲಿ ಪೈನ್ ಜೊತೆ ಬೆರೆತಿತ್ತು. ಅದನ್ನು ಬಿಟ್ಟುಬಿಡಿ, ಬಿಟ್ಟದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ.

4403ರ ಒಟ್ಟು ಮೊತ್ತವನ್ನೇ ಯಾಕೆ ತೆಗೆದುಕೊಳ್ಳಬಾರದು? ನ್ಯೂಜಿಲೆಂಡ್‌ನಿಂದ ಕಾಂಡ್ಲಾಕ್ಕೆ ಬಂದ ಪೈನ್ ದಿಮ್ಮಿ ಅದರಲ್ಲಿ ಸೇರಿಕೊಂಡಿರುತ್ತದೆ. ಪ್ಯಾಕಿಂಗ್ ಪೆಟ್ಟಿಗೆಗೆ, ಸೆಂಟ್ರಿಂಗ್ ಹಲಗೆಗೆ ಹೋಗುವ ಮರ ಅದು. ತೇಗದ ಜೊತೆ ಅದನ್ನೂ ಕೂಡಿದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ ಅಲ್ವಾ?

3. ಅಂಕಿಗಳನ್ನು ಇಳಿಸಿಕೊಳ್ಳಿ

ಉಚಿತವಾಗಿ ಸಿಗುವ ಮೂರು ಮೂಲಗಳು ನಮಗೆ ಸಾಕು.

ಮೊದಲನೆಯದು ವಿಶ್ವಸಂಸ್ಥೆಯ ಕಾಮ್‌ಟ್ರೇಡ್. ಎರಡೂ ದೇಶಗಳ ಅಂಕಿ ಒಂದೇ ನಮೂನೆಯಲ್ಲಿ ಸಿಗುವುದರಿಂದ ಮುಖ್ಯ ಕೆಲಸವೆಲ್ಲ ಇದರಲ್ಲೇ. ಉಚಿತ ಖಾತೆ ತೆರೆದುಕೊಳ್ಳಿ, ಇಲ್ಲವಾದರೆ ಸ್ವಲ್ಪವೇ ಸಾಲುಗಳು ಸಿಗುತ್ತವೆ. ಎರಡನೆಯದು ಆಹಾರ ಮತ್ತು ಕೃಷಿ ಸಂಸ್ಥೆಯ ಫಾವೊಸ್ಟಾಟ್. ಅದರ ಅರಣ್ಯ ವಿಭಾಗದಲ್ಲಿ ಸೂಚಿಪರ್ಣಿಯಲ್ಲದ ಕೊಯ್ದ ಮರ ಎಂಬ ಬಾಬತ್ತೇ ಇದೆ, 1961ರಿಂದ. ಕೋಡ್ ಗಲಾಟೆಯೇ ಬೇಡ ಎನ್ನುವವರಿಗೆ ಇದು ಸುಲಭ. ಆದರೆ ಪ್ರತಿ ಅಂಕಿಯ ಪಕ್ಕದ ಗುರುತನ್ನು ನೋಡಲೇಬೇಕು. ಎಷ್ಟೋ ಕಡೆ ಅದು ಸರ್ಕಾರ ಕೊಟ್ಟ ಅಂಕಿಯಲ್ಲ, ಅಂದಾಜು. ಮೂರನೆಯದು ನಮ್ಮ ವಾಣಿಜ್ಯ ಸಚಿವಾಲಯದ ಆಮದು–ರಫ್ತು ಡೇಟಾ ಬ್ಯಾಂಕ್. ಭಾರತದ ಎಂಟಂಕಿ ಕೋಡ್‌ಗಳು ಸಿಗುವುದರಿಂದ 2022ಕ್ಕೂ ಹಿಂದಿನ ತೇಗವನ್ನು ಇದರಲ್ಲಿ ಬೇರೆಯಾಗಿ ನೋಡಬಹುದು.

ಕಾಮ್‌ಟ್ರೇಡ್‌ನಲ್ಲಿ ಆಯ್ಕೆಗಳು ಹೀಗಿರಲಿ: ಸರಕು, ವಾರ್ಷಿಕ, ಎಚ್‌ಎಸ್, ಆಮದು. ವರದಿ ಮಾಡುವ ದೇಶಗಳು ಭಾರತ ಮತ್ತು ವಿಯೆಟ್ನಾಂ. ಸಂಖ್ಯೆಯಲ್ಲಿ ಕೇಳಿದರೆ ಭಾರತಕ್ಕೆ 699, ವಿಯೆಟ್ನಾಂಗೆ 704. ಪಾಲುದಾರ ದೇಶದ ಜಾಗದಲ್ಲಿ "ವರ್ಲ್ಡ್". ಕೋಡ್ ಜಾಗದಲ್ಲಿ 4403, 4407 ಮತ್ತು ಅವುಗಳ ಆರಂಕಿ ಮಕ್ಕಳೆಲ್ಲ.

ಕೆಳಗೆ ಇನ್ನೂ ಮೂರು ಪೆಟ್ಟಿಗೆಗಳು ಇರುತ್ತವೆ: ಎರಡನೇ ಪಾಲುದಾರ, ಸಾಗಣೆಯ ವಿಧಾನ, ಕಸ್ಟಮ್ಸ್ ವಿಧಾನ. ಮೂರರಲ್ಲೂ "ಒಟ್ಟು" ಆರಿಸಿ. ಹಡಗು, ರಸ್ತೆ ಎಂದು ಬಿಡಿಸಿದ ಸಾಲುಗಳ ಜೊತೆಗೆ ಒಟ್ಟಿನ ಸಾಲೂ ಬಂದುಬಿಟ್ಟರೆ ಎಲ್ಲವೂ ಎರಡೆರಡು ಸಲ ಎಣಿಕೆಯಾಗುತ್ತದೆ.

ಇಳಿಸಿಕೊಂಡ ಕಡತವನ್ನು ಹಾಗೇ ಒಂದು ಕಡೆ ಇಡಿ. ಕೆಲಸ ಮಾಡುವುದು ನಕಲಿನ ಮೇಲೆ.

4. ಕಡತ ಶುಚಿ ಮಾಡಿ, ಕಳೆಯಿರಿ

ಶೀಟ್ ತೆರೆದ ಕೂಡಲೇ ಕೋಡ್ ಕಾಲಮ್ಮನ್ನು ಟೆಕ್ಸ್ಟ್ ಆಗಿ ಬದಲಾಯಿಸಿ. ಆಮೇಲೆ ಪಕ್ಕದಲ್ಲಿ "ಗುಂಪು" ಎಂಬ ಹೊಸ ಕಾಲಮ್ ಮಾಡಿ. ಪ್ರತಿ ಸಾಲಿಗೂ ನಾಲ್ಕರಲ್ಲಿ ಒಂದು ಹೆಸರು ಕೊಡಿ: ಕೊಯ್ದದ್ದು ಒಟ್ಟು, ಕೊಯ್ದದ್ದು ಸೂಚಿಪರ್ಣಿ, ದಿಮ್ಮಿ ಗಟ್ಟಿಮರ, ಬೇಡ. ಎಡಗಡೆಯ ಐದು ಅಂಕಿ (440312ಕ್ಕೆ ಮಾತ್ರ ಆರೂ ಅಂಕಿ) ನೋಡಿ ಹೆಸರು ಹಾಕುವ ಸೂತ್ರ ಬರೆದರೆ ಒಂದೇ ಎಳೆತಕ್ಕೆ ಮುಗಿಯುತ್ತದೆ.

ಇಲ್ಲಿ ಜನ ಮಾಡುವ ತಪ್ಪು ಎಂದರೆ 4407ರ ಸಾಲನ್ನೂ ಅದರ ಮಕ್ಕಳ ಸಾಲುಗಳನ್ನೂ ಸೇರಿಸಿ ಪಿವಟ್ ಟೇಬಲ್ ಹಾಕುವುದು. ಮೊತ್ತ ಸರಿಯಾಗಿ ಎರಡರಷ್ಟಾಗುತ್ತದೆ. ಎರಡೂ ದೇಶಕ್ಕೂ ಎರಡರಷ್ಟಾಗುವುದರಿಂದ ಗ್ರಾಫ್ ನೋಡಿದರೆ ಅನುಮಾನವೇ ಬರುವುದಿಲ್ಲ.

ಲೆಕ್ಕದ ನಮೂನೆ ಹೀಗೆ. ಕಲ್ಪನೆಯ ಅಂಕಿಗಳನ್ನೇ ಇಟ್ಟುಕೊಳ್ಳೋಣ. ಒಂದು ವರ್ಷ 4407ರ ಒಟ್ಟು 500, 440711 ಎಂಬುದು 90, 440712 ಎಂಬುದು 40, 440719 ಎಂಬುದು 20. ಸೂಚಿಪರ್ಣಿ 150. ಕೊಯ್ದ ಗಟ್ಟಿಮರ 350. ಈಗ 44072 ಮತ್ತು 44079 ಎಂದು ಶುರುವಾಗುವವನ್ನೆಲ್ಲ ಬೇರೆಯಾಗಿ ಕೂಡಿ ನೋಡಿ. ಅಲ್ಲೂ 350 ಬಂದರೆ ಸರಿ. 320 ಬಂತು ಎಂದರೆ ಯಾವುದೋ ಕೋಡ್ ಇಳಿಸಿಕೊಳ್ಳುವಾಗ ಬಿಟ್ಟುಹೋಗಿದೆ.

ಖಾಲಿ ಕೋಶವನ್ನು ಸೊನ್ನೆ ಮಾಡಬೇಡಿ. ಒಂದು ದೇಶ ಆ ವರ್ಷದ ಅಂಕಿಯನ್ನು ಇನ್ನೂ ಕಳಿಸಿಲ್ಲದಿರಬಹುದು. ಸೊನ್ನೆ ಹಾಕಿದರೆ ಗೆರೆ ಪಾತಾಳಕ್ಕೆ ಇಳಿಯುತ್ತದೆ, ಓದುಗ ಏನೋ ಆಗಿಹೋಯಿತು ಅಂದುಕೊಳ್ಳುತ್ತಾನೆ.

5. ವರ್ಷ ಯಾವುದು?

ನಮ್ಮ ಡೇಟಾ ಬ್ಯಾಂಕಿನ ವಾರ್ಷಿಕ ಅಂಕಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ವಿಯೆಟ್ನಾಂ ಲೆಕ್ಕ ಜನವರಿಯಿಂದ ಡಿಸೆಂಬರ್. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ಮೂರು ತಿಂಗಳ ತಾಳ ತಪ್ಪುತ್ತದೆ. ಮೂಲ ಬೆರೆಸಲೇಬೇಕಾದರೆ ತಿಂಗಳ ಅಂಕಿ ತೆಗೆದು ಜನವರಿ–ಡಿಸೆಂಬರ್ ಕೂಡಿಕೊಳ್ಳಿ.

ಇದು ಸುಮ್ನೆ ಅತಿ ಶಿಸ್ತಲ್ಲ. ಮ್ಯಾನ್ಮಾರ್ ದಿಮ್ಮಿ ರಫ್ತನ್ನು ನಿಷೇಧಿಸಿದ್ದು 2014ರ ಏಪ್ರಿಲ್ 1ರಿಂದ. ಅಲ್ಲಿನ ತೇಗದ ದೊಡ್ಡ ಗಿರಾಕಿ ಭಾರತವೇ. ನಿಷೇಧಕ್ಕೆ ಮುಂಚಿನ ತಿಂಗಳುಗಳಲ್ಲಿ ಸಿಕ್ಕಷ್ಟು ದಿಮ್ಮಿ ಸಾಗಿಸುವ ಧಾವಂತ ಇತ್ತು. ಆ ದಿನಾಂಕ ನಮ್ಮ ಹಣಕಾಸು ವರ್ಷದ ಮೊದಲ ದಿನವೂ ಹೌದು. ಹಾಗಾಗಿ 2013–14 ಮತ್ತು 2014–15ರ ನಡುವೆ ಮ್ಯಾನ್ಮಾರ್ ದಿಮ್ಮಿಯ ಅಂಕಿ ಚೆನ್ನಾಗಿ ಬೇರೆಯಾಗಿ ಕಾಣುತ್ತದೆ. ಕ್ಯಾಲೆಂಡರ್ ವರ್ಷ 2014ರಲ್ಲಿ ಮೂರು ತಿಂಗಳ ಧಾವಂತ, ಒಂಬತ್ತು ತಿಂಗಳ ನಿಷೇಧ ಎರಡೂ ಕಲಸಿಹೋಗಿ ಕುಸಿತ ಮೆತ್ತಗೆ ಕಾಣುತ್ತದೆ. ಭಾರತದ ಕಥೆಯನ್ನಷ್ಟೇ ಹೇಳುವಾಗ ನಾನು ಹಣಕಾಸು ವರ್ಷವನ್ನೇ ಆರಿಸುತ್ತೇನೆ. ಹೋಲಿಕೆಗೆ ಕ್ಯಾಲೆಂಡರ್ ವರ್ಷ.

6. ಡಾಲರ್ ಕೂಡ ಹಳೆಯದಾಗುತ್ತದೆ

ಮೊದಲು ಒಂದು ಮಾತು: ರೂಪಾಯಿಯಲ್ಲಿ ಗ್ರಾಫ್ ಹಾಕಬೇಡಿ. ಡಾಲರಿಗೆ 2012ರಲ್ಲಿ ಸರಾಸರಿ ಸುಮಾರು 53 ರೂಪಾಯಿ ಇದ್ದದ್ದು 2023ರಲ್ಲಿ 82 ದಾಟಿತ್ತು. ಅಷ್ಟೇ ಡಾಲರಿನ ಮರ ತರಿಸಿದ್ದರೂ ರೂಪಾಯಿ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಏರಿಕೆ ಕಾಣುತ್ತದೆ.

ಡಾಲರಿನ ಬೆಲೆಯೂ ನಿಂತಲ್ಲೇ ನಿಂತಿಲ್ಲ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 2015ರಲ್ಲಿ 237.017, 2022ರಲ್ಲಿ 292.655. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.235 ಬರುತ್ತದೆ. ಅಂದರೆ 2015ರ 100 ಮಿಲಿಯನ್ ಡಾಲರ್ 2022ರ 123.5 ಮಿಲಿಯನ್‌ಗೆ ಸಮ. ಯಾವುದಾದರೂ ದೇಶದ ಆಮದು ಈ ಅವಧಿಯಲ್ಲಿ 100ರಿಂದ 120ಕ್ಕೆ ಏರಿದ್ದರೆ, ನಿಜಾರ್ಥದಲ್ಲಿ ಅದು ಸ್ವಲ್ಪ ಇಳಿದಿದೆ. ಪ್ರತಿ ವರ್ಷದ ಮೌಲ್ಯವನ್ನೂ ಹೀಗೆ 2022ರ ಡಾಲರಿಗೆ ತಂದುಕೊಳ್ಳಿ.

ಗ್ರಾಹಕ ಸೂಚ್ಯಂಕ ಮರದ ಬೆಲೆ ಹೇಳುವುದಿಲ್ಲ, ಅದು ನಿಜ. ಮರದ್ದೇ ಬೆಲೆ ಬೇಕೆಂದರೆ ವಿಶ್ವಬ್ಯಾಂಕಿನ ತಿಂಗಳ ಸರಕು ಬೆಲೆ ಪಟ್ಟಿ ನೋಡಿ. ಜನ ಅದನ್ನು ಪಿಂಕ್ ಶೀಟ್ ಎನ್ನುತ್ತಾರೆ. ಕ್ಯಾಮರೂನ್ ಮತ್ತು ಮಲೇಷ್ಯಾದ ದಿಮ್ಮಿ, ಕೊಯ್ದ ಮರ ಎರಡರ ಬೆಲೆಯೂ ಅದರಲ್ಲಿದೆ. ಅಮೆರಿಕದ ಓಕ್, ಆಶ್ ಇವುಗಳಿಗೆ ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಗಟ್ಟಿಮರದ ಉತ್ಪಾದಕ ಬೆಲೆ ಸೂಚ್ಯಂಕ ಸಿಗುತ್ತದೆ.

ಇನ್ನೊಂದು ಸಂಗತಿ ಹಡಗು ಬಾಡಿಗೆ. ಭಾರತ, ವಿಯೆಟ್ನಾಂ ಎರಡೂ ಆಮದನ್ನು ಸಿಐಎಫ್ ಲೆಕ್ಕದಲ್ಲಿ ದಾಖಲಿಸುತ್ತವೆ. ಮರದ ಬೆಲೆ, ವಿಮೆ, ಸಾಗಣೆ ಮೂರೂ ಸೇರಿದ ಮೊತ್ತ ಅದು. 2021ರಲ್ಲಿ ಕಂಟೈನರ್ ಬಾಡಿಗೆ ಹಲವು ಪಟ್ಟು ಏರಿತ್ತು. ಹಾಗಾಗಿ ಆ ವರ್ಷದ ಏರಿಕೆಯಲ್ಲಿ ಒಂದು ಪಾಲು ಹಡಗಿನವರಿಗೆ ಹೋದ ದುಡ್ಡು. ಮುಂದೆ ಕೆನಡಾದಂಥ ದೇಶವನ್ನು ಹೋಲಿಕೆಗೆ ತಂದರೆ ಎಚ್ಚರ ಬೇಕು. ಅಲ್ಲಿ ಆಮದನ್ನು ಬಾಡಿಗೆ ಸೇರಿಸದೆ ಎಫ್‌ಒಬಿ ಲೆಕ್ಕದಲ್ಲಿ ಬರೆಯುತ್ತಾರೆ.

7. ಮೌಲ್ಯದ ಪಕ್ಕದಲ್ಲಿ ಪರಿಮಾಣವನ್ನೂ ಇಡಿ, ಆದರೆ ನಂಬಬೇಡಿ

ಮೌಲ್ಯವನ್ನು ಘನ ಮೀಟರಿನಿಂದ ಭಾಗಿಸಿದರೆ ಸರಾಸರಿ ದರ ಬರುತ್ತದೆ. ಅದನ್ನು ಪ್ರತಿ ವರ್ಷಕ್ಕೂ ತೆಗೆಯಿರಿ. ಒಂದು ವರ್ಷ ದರ ಇದ್ದಕ್ಕಿದ್ದಂತೆ ಹತ್ತು ಪಟ್ಟಾದರೆ ಮಾರುಕಟ್ಟೆಯನ್ನು ದೂರಬೇಡಿ. ಯಾರೋ ಪರಿಮಾಣವನ್ನೋ ಅದರ ಅಳತೆಯ ಮಾನವನ್ನೋ ತಪ್ಪಾಗಿ ಬರೆದಿರುವ ಸಂಭವವೇ ಹೆಚ್ಚು. ಕಾಮ್‌ಟ್ರೇಡ್‌ನಲ್ಲಿ ಪರಿಮಾಣ ಅಂದಾಜಿನದೋ ಅಲ್ಲವೋ ಎಂದು ಹೇಳುವ ಕಾಲಮ್ ಇದೆ, ಅದನ್ನು ಅಳಿಸಬೇಡಿ.

ದಿಮ್ಮಿಯಲ್ಲಿ ಇನ್ನೊಂದು ಸಿಕ್ಕು. ಡಿಪೊಗಳಲ್ಲಿ ದಿಮ್ಮಿ ಅಳೆಯುವುದನ್ನು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ನಡುಭಾಗಕ್ಕೆ ಟೇಪು ಸುತ್ತಿ ಸುತ್ತಳತೆ ತೆಗೆಯುತ್ತಾರೆ, ಅದರ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ಹಾಪಸ್ ಅಳತೆ ಎನ್ನುತ್ತಾರೆ. ದುಂಡನೆಯ ದಿಮ್ಮಿಗೆ ಈ ಲೆಕ್ಕ ಹಾಕಿದರೆ ನಿಜವಾದ ಗಾತ್ರದ ಶೇ. 78.5 ಮಾತ್ರ ಸಿಗುತ್ತದೆ. ಎರಡು ಮೀಟರ್ ಸುತ್ತಳತೆ, ಐದು ಮೀಟರ್ ಉದ್ದದ ದಿಮ್ಮಿ ತೆಗೆದುಕೊಳ್ಳಿ. ಕಾಲು ಭಾಗ 0.5. ಅದರ ವರ್ಗ 0.25. ಉದ್ದದಿಂದ ಗುಣಿಸಿದರೆ 1.25 ಘನ ಮೀಟರ್. ನಿಜವಾದ ಸಿಲಿಂಡರ್ ಲೆಕ್ಕದಲ್ಲಿ ಅದೇ ದಿಮ್ಮಿ ಸುಮಾರು 1.59. ಒಂದು ಸರಕಿನ ಕಾಗದ ಹಾಪಸ್‌ನಲ್ಲಿ, ಇನ್ನೊಂದರದು ನಿಜ ಗಾತ್ರದಲ್ಲಿ ಇದ್ದರೆ ದರದಲ್ಲಿ ನಾಲ್ಕನೇ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಮರ ಮಾತ್ರ ಅದೇ.

ದಿಮ್ಮಿ ಮತ್ತು ಹಲಗೆಯ ಪರಿಮಾಣವನ್ನು ನೇರವಾಗಿ ಕೂಡುವ ಹಾಗೂ ಇಲ್ಲ. ಒಂದು ಘನ ಮೀಟರ್ ದಿಮ್ಮಿ ಕೊಯ್ದರೆ ಒಟ್ಟಾರೆ ಅರ್ಧದಷ್ಟು ಹಲಗೆ ಸಿಗುತ್ತದೆ, ಉಳಿದದ್ದು ಹೊಟ್ಟು, ಚಕ್ಕೆ, ಅಂಚು. ಕೂಡಲೇಬೇಕೆಂದರೆ ಹಲಗೆಯ ಪರಿಮಾಣವನ್ನು ಎರಡರಿಂದ ಗುಣಿಸಿ ದಿಮ್ಮಿಗೆ ಸಮ ಮಾಡಿಕೊಳ್ಳಿ, ಹಾಗೆ ಮಾಡಿದ್ದನ್ನು ಬರೆದುಬಿಡಿ. ಮೌಲ್ಯವನ್ನು ಹಾಗೇ ಕೂಡಬಹುದು. ಆದರೆ ನೂರು ಡಾಲರಿನ ಹಲಗೆಯಲ್ಲಿ ಹೊರದೇಶದ ಸಾಮಿಲ್ ಕೂಲಿ ಸೇರಿದೆ, ನೂರು ಡಾಲರಿನ ದಿಮ್ಮಿಯಲ್ಲಿ ಇಲ್ಲ. ಅದಕ್ಕೇ ಎರಡನ್ನೂ ಕೂಡಿದ ಮೊತ್ತದ ಜೊತೆಗೆ ಬಿಡಿಬಿಡಿಯಾಗಿಯೂ ತೋರಿಸಿ.

8. ಗ್ರಾಫ್

ಮೂರು ಸಾಕು. ಒಂದರಲ್ಲಿ ಎರಡೂ ದೇಶಗಳ ಒಟ್ಟು ಗಟ್ಟಿಮರ, 2022ರ ಡಾಲರಿನಲ್ಲಿ. ಇನ್ನೊಂದರಲ್ಲಿ ದೇಶಕ್ಕೊಂದರಂತೆ ಕಂಬಗಳು, ಒಳಗೆ ದಿಮ್ಮಿ ಒಂದು ಬಣ್ಣ, ಹಲಗೆ ಇನ್ನೊಂದು ಬಣ್ಣ. ಭಾರತದ ನಿಜವಾದ ಚಿತ್ರ ಕಾಣುವುದು ಇದರಲ್ಲೇ. 2014ರ ಆಸುಪಾಸಿನ ಎತ್ತರದ ನಂತರ ದಿಮ್ಮಿ ತಗ್ಗುತ್ತಾ, ಕೊಯ್ದದ್ದರ ಪಾಲು ಏರುತ್ತಾ ಹೋಗುತ್ತದೆ. ಮೂರನೆಯದು ಸೂಚ್ಯಂಕ: 2010, 2011, 2012ರ ಸರಾಸರಿಯನ್ನು 100 ಎಂದು ಇಟ್ಟುಕೊಂಡು ಉಳಿದ ವರ್ಷಗಳನ್ನು ಅದಕ್ಕೆ ಹೋಲಿಸುವುದು. ಒಂದೇ ವರ್ಷವನ್ನು ಬುನಾದಿ ಮಾಡಿದರೆ ಆ ವರ್ಷದ ಏರುಪೇರು ಇಡೀ ಗ್ರಾಫಿಗೆ ಅಂಟಿಕೊಳ್ಳುತ್ತದೆ.

ಎಡಕ್ಕೊಂದು, ಬಲಕ್ಕೊಂದು ಅಳತೆ ಇಟ್ಟ ಗ್ರಾಫ್ ಮಾತ್ರ ಬೇಡವೇ ಬೇಡ. ಬಲಗಡೆಯ ಅಳತೆಯನ್ನು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿದರೆ ಯಾವ ಎರಡು ಗೆರೆಯನ್ನಾದರೂ ಎಲ್ಲಿ ಬೇಕಾದರೂ ಅಡ್ಡ ಹಾಯಿಸಬಹುದು.

9. ಏರಿಳಿತಕ್ಕೆ ಕಾರಣ ಹುಡುಕುವಾಗ

ಗ್ರಾಫಿನ ಮೇಲೆ ಕೆಲವು ದಿನಾಂಕಗಳನ್ನು ಗುರುತು ಮಾಡಿಕೊಳ್ಳಿ. 2010ರಲ್ಲಿ ಗಬಾನ್ ದಿಮ್ಮಿ ರಫ್ತು ನಿಲ್ಲಿಸಿತು. 2014ರದು ಮ್ಯಾನ್ಮಾರ್. 2016ರ ಮೇ ತಿಂಗಳಲ್ಲಿ ಲಾವೋಸ್ ದಿಮ್ಮಿ ಮತ್ತು ಒರಟಾಗಿ ಕೊಯ್ದ ಮರದ ರಫ್ತಿಗೆ ತಡೆ ಹಾಕಿತು, ಅದರ ಪೆಟ್ಟು ವಿಯೆಟ್ನಾಂಗೆ ಬಿತ್ತು. ಅದೇ ವರ್ಷ ವಿಯೆಟ್ನಾಂ ತನ್ನ ನೈಸರ್ಗಿಕ ಕಾಡುಗಳಲ್ಲಿ ಮರ ಕಡಿಯುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. 2018ರಲ್ಲಿ ಅಮೆರಿಕ–ಚೀನಾ ಸುಂಕ ಸಮರ ಶುರುವಾಯಿತು. ಚೀನಾದ ಪೀಠೋಪಕರಣಕ್ಕೆ ಅಮೆರಿಕದಲ್ಲಿ ಸುಂಕ ಬಿದ್ದಾಗ ಆರ್ಡರ್‌ಗಳು ವಿಯೆಟ್ನಾಂ ಕಡೆ ತಿರುಗಿದವು, ಅವುಗಳ ಹಿಂದೆಯೇ ಮರದ ಬೇಡಿಕೆಯೂ. 2020ರದು ಕೋವಿಡ್.

ಎರಡು ಗೆರೆಗಳ ಹಿಂದಿನ ಗಿರಾಕಿಯೇ ಬೇರೆ ಎಂಬುದು ನೆನಪಿರಲಿ. ವಿಯೆಟ್ನಾಂಗೆ ಬಂದ ಓಕ್ ಹಲಗೆಯಲ್ಲಿ ದೊಡ್ಡ ಪಾಲು ಮಂಚ, ಮೇಜು ಆಗಿ ಮತ್ತೆ ಹಡಗು ಹತ್ತುತ್ತದೆ. ಭಾರತಕ್ಕೆ ಬಂದ ತೇಗ ಬಹುತೇಕ ಇಲ್ಲಿನದೇ ಬಾಗಿಲು, ಕಿಟಕಿ, ಚೌಕಟ್ಟು ಆಗುತ್ತದೆ. ಅಮೆರಿಕದಲ್ಲಿ ಮನೆ ಕೊಳ್ಳುವವರು ಕಮ್ಮಿಯಾದರೆ ವಿಯೆಟ್ನಾಂ ಗೆರೆ ಬಾಗುತ್ತದೆ. ನಮ್ಮದು ಬಾಗುವುದು ಇಲ್ಲಿ ಮನೆ ಕಟ್ಟುವ ಕೆಲಸ ನಿಂತಾಗ. ಹಾಗಾಗಿ ಇಬ್ಬರಲ್ಲಿ "ಗೆದ್ದವರು" ಯಾರು ಎಂದು ಬರೆಯುವುದರಲ್ಲಿ ಅರ್ಥವಿಲ್ಲ.

10. ಎದುರು ಲೆಕ್ಕ ನೋಡಿ

ವಿಯೆಟ್ನಾಂ ಅಮೆರಿಕದಿಂದ ಇಷ್ಟು ತರಿಸಿದೆ ಎನ್ನುತ್ತದೆ. ಅಮೆರಿಕ ವಿಯೆಟ್ನಾಂಗೆ ಎಷ್ಟು ಕಳಿಸಿದೆ ಎನ್ನುತ್ತದೆ? ಅಮೆರಿಕದ ಕೃಷಿ ಇಲಾಖೆಯ ಗ್ಯಾಟ್ಸ್ ಎಂಬ ದತ್ತಸಂಗ್ರಹದಲ್ಲಿ ಇದು ಉಚಿತವಾಗಿ ಸಿಗುತ್ತದೆ. ಎರಡೂ ಸಮ ಬರುವುದಿಲ್ಲ. ಬಾಡಿಗೆ ಸೇರಿರುವುದರಿಂದ ಆಮದಿನ ಅಂಕಿ ಸ್ವಲ್ಪ ಜಾಸ್ತಿ ಇರುವುದು ಸಹಜ. ಡಿಸೆಂಬರಿನಲ್ಲಿ ಹೊರಟ ಹಡಗು ಜನವರಿಯಲ್ಲಿ ಮುಟ್ಟಿದರೆ ವರ್ಷವೂ ಬೇರೆಯಾಗುತ್ತದೆ. ಅಂತರ ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಇದ್ದರೆ ಚಿಂತೆಯಿಲ್ಲ. ಒಂದೇ ಒಂದು ವರ್ಷ ಎರಡರಷ್ಟಾದರೆ ಆ ವರ್ಷದ ಆರಂಕಿ ಸಾಲುಗಳನ್ನು ಒಂದೊಂದಾಗಿ ತೆರೆದು ನೋಡಿ.

ಆಗ ಎಡವುವ ಒಂದು ಜಾಗ ಇದೆ. ಅಮೆರಿಕದಿಂದ ವಿಯೆಟ್ನಾಂಗೆ ತುಂಬಾ ಹೋಗುವ ಯೆಲ್ಲೊ ಪಾಪ್ಲರ್ ಹೆಸರಿಗಷ್ಟೇ ಪಾಪ್ಲರ್. 440797 ಇರುವುದು ನಿಜವಾದ ಪಾಪ್ಲರ್ ಮತ್ತು ಆಸ್ಪೆನ್ ಕುಲಕ್ಕೆ. ಯೆಲ್ಲೊ ಪಾಪ್ಲರ್ ಸೇರಬೇಕಾದದ್ದು 440799ಕ್ಕೆ, ವಾಲ್‌ನಟ್ ಕೂಡ ಅಲ್ಲೇ. ಒಂದು ಕಡೆಯ ಗುಮಾಸ್ತ ಹೆಸರು ನೋಡಿ ಕೋಡ್ ಹಾಕಿದ್ದರೆ ಜಾತಿವಾರು ಲೆಕ್ಕ ಎರಡೂ ಕಡೆ ತಾಳೆಯಾಗುವುದಿಲ್ಲ. ಒಟ್ಟು ಗಟ್ಟಿಮರದ ಮೊತ್ತಕ್ಕೆ ಮಾತ್ರ ಇದರಿಂದ ಏನೂ ಆಗುವುದಿಲ್ಲ.

ಇಷ್ಟಾದ ಮೇಲೆ ಗ್ರಾಫಿನ ಕೆಳಗೆ ಸಣ್ಣಕ್ಷರದಲ್ಲಿ ಹೀಗೆ ಬರೆಯಿರಿ: "ಮೂಲ ಯುಎನ್ ಕಾಮ್‌ಟ್ರೇಡ್, ಇಳಿಸಿಕೊಂಡ ದಿನಾಂಕ ಇಂಥದ್ದು. ಕೋಡ್ 4403 ಮತ್ತು 4407, ಸೂಚಿಪರ್ಣಿ ಮತ್ತು 440310 ಬಿಟ್ಟು. ಕ್ಯಾಲೆಂಡರ್ ವರ್ಷ, ಸಿಐಎಫ್ ಮೌಲ್ಯ, ಅಮೆರಿಕದ ಗ್ರಾಹಕ ಸೂಚ್ಯಂಕದಿಂದ 2022ರ ಡಾಲರಿಗೆ ಪರಿವರ್ತಿಸಿದ್ದು." ದಿನಾಂಕವನ್ನು ಮರೆಯಬೇಡಿ. ದೇಶಗಳು ಹಳೆಯ ವರ್ಷಗಳ ಅಂಕಿಯನ್ನೂ ಆಗಾಗ ತಿದ್ದಿ ಕಳಿಸುತ್ತವೆ. ಆರು ತಿಂಗಳ ನಂತರ ಬೇರೊಬ್ಬರು ಅದೇ ಲೆಕ್ಕ ಹಾಕಿದಾಗ ಬೇರೆ ಉತ್ತರ ಬರಬಹುದು.